ಹೋಗಿ ಬರ್ತೀನಿ: ಮೊದಲ ಮೂರು ವರ್ಷ ಮಗುವಿನ ಜೊತೆ ನಂಟು ಬೆಳೆಸುವುದು ಹೇಗೆ

ನನ್ನ ಮಗಳಿಗೆ ಹನ್ನೊಂದು ತಿಂಗಳಿದ್ದಾಗ ನಾನು ದಿನಾ ಬೆಳಿಗ್ಗೆ ಕಳ್ಳಿಯ ಹಾಗೆ ಮನೆ ಬಿಡುತ್ತಿದ್ದೆ. ಅತ್ತೆ ಅವಳನ್ನು ಎತ್ತಿಕೊಂಡು ಟೆರೇಸಿಗೆ ಹೋಗಿ "ಕಾಗೆ ನೋಡು, ಕಾಗೆ" ಅನ್ನುತ್ತಿದ್ದರು. ಅಷ್ಟರಲ್ಲಿ ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಗೇಟು ಕಿರ್ ಅನ್ನದ ಹಾಗೆ ಸ್ವಲ್ಪ ಎತ್ತಿ ಸರಿಸಿ, ಬಸ್ ಸ್ಟಾಪಿನ ಕಡೆ ಓಡುತ್ತಿದ್ದೆ. ಮಗು ಅಳುತ್ತಿರಲಿಲ್ಲ. ಎಲ್ಲರಿಗೂ ನೆಮ್ಮದಿ.

ಮೂರು ವಾರ ಹೀಗೇ ನಡೆಯಿತು. ನಾಲ್ಕನೇ ವಾರ ಅವಳು ಟೆರೇಸಿನ ಮೆಟ್ಟಿಲು ನೋಡಿದರೆ ಅಳಲು ಶುರು ಮಾಡಿದಳು. ಆಮೇಲೆ ಕಾಗೆ ಕಂಡರೂ ಅಳು. ಭಾನುವಾರ ನಾನು ಮನೆಯಲ್ಲೇ ಇದ್ದರೂ ಬಚ್ಚಲಮನೆ ಬಾಗಿಲಿಗೆ ಅಂಬೆಗಾಲಿಟ್ಟು ಬಂದು ಬಡಿಯುತ್ತಿದ್ದಳು. ರಾತ್ರಿ ನಿದ್ದೆಯಲ್ಲಿ ನನ್ನ ನೈಟಿ ಚುಂಗು ಹಿಡಿದುಕೊಂಡೇ ಇರುತ್ತಿದ್ದಳು, ಬಿಡಿಸಿದರೆ ಎಚ್ಚರ. ಮನೆಯವರೆಲ್ಲ "ಇವಳು ಅಮ್ಮನಿಗೆ ಜಾಸ್ತಿ ಅಂಟಿಕೊಂಡಿದ್ದಾಳೆ, ಸ್ವಲ್ಪ ದೂರ ಇಡು" ಅಂದರು. ನನಗೆ ಅರ್ಥವಾಗಲು ಇನ್ನೊಂದು ತಿಂಗಳು ಹಿಡಿಯಿತು. ಅವಳು ಅಂಟಿಕೊಂಡಿದ್ದು ಪ್ರೀತಿ ಜಾಸ್ತಿಯಾಗಿ ಅಲ್ಲ, ನಾನು ಯಾವಾಗ ಮಾಯವಾಗುತ್ತೇನೋ ಗೊತ್ತಿಲ್ಲದೆ.

ನಾನು ಡಾಕ್ಟರಲ್ಲ, ಕೌನ್ಸೆಲರ್ ಕೂಡ ಅಲ್ಲ. ಆದರೆ ಆ ತಿಂಗಳು ಹೆದರಿ ಓದಿದ್ದು, ಆಮೇಲೆ ಐದು ವರ್ಷ ಮಾಡಿ ನೋಡಿದ್ದು, ತಪ್ಪಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಹುಟ್ಟಿದ ಮಗುವಿನಿಂದ ಸುಮಾರು ಮೂರು ವರ್ಷದವರೆಗಿನ ಮಕ್ಕಳಿರುವ ಮನೆಗೆ ಇದು ಬೇಕಾಗಬಹುದು.

ಮೊದಲು ಸ್ವಲ್ಪ ಹಿನ್ನೆಲೆ, ಬೇಗ ಮುಗಿಸುತ್ತೇನೆ. ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ಮನೆ ಕಳೆದುಕೊಂಡ ಮಕ್ಕಳ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದರು. ಹೊಟ್ಟೆಗೆ, ಬಟ್ಟೆಗೆ ಕೊಟ್ಟರೆ ಸಾಲದು, ಮಗುವಿಗೆ ಒಬ್ಬರು ತನ್ನವರು ಅಂತ ಇರಲೇಬೇಕು ಅನ್ನುವುದು ಅವರ ವಾದ. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ 1954ರಲ್ಲಿ ಉಗಾಂಡಾಕ್ಕೆ ಹೋಗಿ, ಕಂಪಾಲದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೂತು ತಾಯಿ-ಮಕ್ಕಳನ್ನು ನೋಡಿದರು. ಮಗು ತೆವಳಿಕೊಂಡು ಸ್ವಲ್ಪ ದೂರ ಹೋಗುತ್ತದೆ, ತಿರುಗಿ ಅಮ್ಮನನ್ನು ನೋಡುತ್ತದೆ, ಇದ್ದಾಳೆ ಅಂತ ಗೊತ್ತಾದರೆ ಇನ್ನಷ್ಟು ದೂರ ಹೋಗುತ್ತದೆ. ಇದನ್ನು ನಮ್ಮ ಯಾವ ಪಡಸಾಲೆಯಲ್ಲಾದರೂ ನೋಡಬಹುದು ಅಲ್ವಾ.

ಮುಂದೆ ಅಮೆರಿಕದಲ್ಲಿ ಐನ್ಸ್‌ವರ್ತ್ ಇಪ್ಪತ್ತು ನಿಮಿಷದ ಒಂದು ಪರೀಕ್ಷೆ ಮಾಡಿದರು. ಒಂದು ವರ್ಷದ ಆಸುಪಾಸಿನ ಮಗುವನ್ನು ಆಟಿಕೆಗಳಿರುವ ಕೋಣೆಯಲ್ಲಿ ಬಿಟ್ಟು ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ನಾನಾಗಿದ್ದರೆ ಮಗು ಎಷ್ಟು ಅತ್ತಿತು ಅಂತ ಲೆಕ್ಕ ಹಾಕುತ್ತಿದ್ದೆ. ಅವರು ಮುಖ್ಯವಾಗಿ ನೋಡಿದ್ದು ತಾಯಿ ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅಂತ. ಕೆಲವು ಮಕ್ಕಳು ಓಡಿ ಬಂದು ಅಪ್ಪಿಕೊಂಡು, ಸಮಾಧಾನವಾಗಿ, ಮತ್ತೆ ಆಟಕ್ಕೆ ಹೋದವು. ಕೆಲವು ಎತ್ತಿಕೊಂಡರೂ ಸಮಾಧಾನವಾಗದೆ ಒದ್ದಾಡಿದವು. ಇನ್ನು ಕೆಲವು ಅಮ್ಮ ಬಂದದ್ದು ಕಾಣಲೇ ಇಲ್ಲ ಅನ್ನುವ ಹಾಗೆ ಆಟಿಕೆ ಕಡೆ ಮುಖ ತಿರುಗಿಸಿದವು. ಈ ಕೊನೆಯ ಮಕ್ಕಳನ್ನು ನಮ್ಮಲ್ಲಿ "ಎಷ್ಟು ಜಾಣ, ಅಳೋದೇ ಇಲ್ಲ" ಅನ್ನುತ್ತೇವೆ. ಆಮೇಲಿನ ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದು ನೋಡಿದಾಗ ಅದು ಏರಿತ್ತು. ಹೊರಗೆ ಮಾತ್ರ ಸುಮ್ಮನಿದ್ದವು.

ಹೋಗದೇ ಇರಲು ಯಾರಿಗೂ ಆಗುವುದಿಲ್ಲ, ಹಾಗಾಗಿ ಬರುವುದನ್ನು ಸರಿಮಾಡಿಕೊಳ್ಳೋಣ. ಕೆಳಗಿನದೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇದೆ.

ಮೊದಲ ಹೆಜ್ಜೆ: ಅಳುವಿಗೆ ಓಗೊಡಿ

"ಅತ್ತಾಗೆಲ್ಲ ಎತ್ತಬೇಡ, ಕೈಮಗು ಆಗಿಬಿಡುತ್ತೆ." ಬಾಣಂತನದಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಮೊದಲ ಆರೇಳು ತಿಂಗಳ ಮಟ್ಟಿಗಾದರೂ ಇದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡಿ. ಅಷ್ಟು ಚಿಕ್ಕ ಮಗುವಿಗೆ ನಿಮ್ಮನ್ನು ಆಟ ಆಡಿಸುವ ಬುದ್ಧಿ ಇನ್ನೂ ಬಂದಿರುವುದಿಲ್ಲ. 1972ರಲ್ಲಿ ಸಿಲ್ವಿಯಾ ಬೆಲ್ ಮತ್ತು ಐನ್ಸ್‌ವರ್ತ್ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಯ ಹೊತ್ತಿಗೆ ಕಡಿಮೆ ಅಳುತ್ತಿದ್ದರು ಅಂತ ಇದೆ. ಆ ಲೆಕ್ಕದ ಬಗ್ಗೆ ಆಮೇಲೆ ಬೇರೆ ಸಂಶೋಧಕರು ತಕರಾರು ತೆಗೆದರು, ಅದೂ ನಿಜ. ಆದರೂ ಎತ್ತಿಕೊಂಡಿದ್ದಕ್ಕೇ ಮಗು ಕೆಡುತ್ತದೆ ಅನ್ನುವುದಕ್ಕೆ ಆಧಾರ ಅಂತೂ ಸಿಗಲಿಲ್ಲ.

ಓಗೊಡುವುದು ಅಂದರೆ ಪ್ರತಿ ಸಲ ಓಡಿಹೋಗಿ ಎತ್ತಬೇಕು ಅಂತಲ್ಲ. ಒಲೆ ಮೇಲೆ ಒಗ್ಗರಣೆ ಸಿಡಿಯುತ್ತಿರುತ್ತದೆ, ಕೈಯೆಲ್ಲ ಹಿಟ್ಟು. ಮೊದಲು ದನಿ ಕಳಿಸಿ. "ಬಂದೆ ಕಂದ, ಬಂದೆ, ಕೈ ತೊಳ್ಕೊಂಡು ಬಂದೆ." ನಾಲ್ಕೈದು ತಿಂಗಳ ಮಗು ದನಿ ಕೇಳಿ ಒಂದು ಕ್ಷಣ ಅಳು ನಿಲ್ಲಿಸಿ ಕಿವಿಗೊಡುವುದನ್ನು ನೀವೇ ನೋಡುತ್ತೀರಿ. ಆಮೇಲೆ ಹೋಗಿ ಹಸಿವೆ, ಒದ್ದೆ ಬಟ್ಟೆ, ಹೊಟ್ಟೆಯ ಗಾಳಿ, ನಿದ್ದೆ, ಸೆಕೆ ಒಂದೊಂದೇ ನೋಡಿ. ನಮ್ಮಲ್ಲಿ ಬೇಸಿಗೆಯಲ್ಲೂ ಟೋಪಿ, ಸ್ವೆಟರ್ ಹಾಕಿ ಸುತ್ತುವ ಅಭ್ಯಾಸ ಇದೆಯಲ್ಲ, ಎಷ್ಟೋ ಸಲ ಅಳುವಿಗೆ ಅದೇ ಕಾರಣ.

ಏನು ಮಾಡಿದರೂ ನಿಲ್ಲದೆ ನಿಮ್ಮ ತಲೆ ಕೆಡುತ್ತಿದ್ದರೆ, ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಬಂದು ನೀರು ಕುಡಿಯಿರಿ. ಅದರಿಂದ ನಂಟು ಹರಿಯುವುದಿಲ್ಲ. ಸಿಟ್ಟಿನಲ್ಲಿ ಮಗುವನ್ನು ಅಲುಗಾಡಿಸಬೇಡಿ, ಎಂದಿಗೂ. ಹಸುಗೂಸಿನ ಮೆದುಳಿಗೆ ಅದರಿಂದ ಪ್ರಾಣಕ್ಕೇ ಕುತ್ತಾಗುವ ಪೆಟ್ಟು ಬೀಳಬಹುದು.

ಎರಡನೆಯದು: ಮುಖ ಕೊಟ್ಟು ಮಾತಾಡಿ

ಅಜ್ಜಿ ಮಗುವಿಗೆ ಎಣ್ಣೆ ಹಚ್ಚುವುದನ್ನು ಗಮನವಿಟ್ಟು ನೋಡಿದ್ದೀರಾ? ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಗುವನ್ನು ಹಾಕಿಕೊಂಡು, "ಏನಂತೆ? ಕೈ ನೋವಾ? ಯಾರು ಎತ್ತಿಕೊಂಡಿದ್ದು?" ಅಂತ ಕೇಳುತ್ತಾಳೆ. ಮಗು "ಊಂ" ಅನ್ನುತ್ತದೆ. "ಹೌದಾ! ಅಪ್ಪನಾ!" ಅಂತ ಅವಳೇ ಉತ್ತರ ಕೊಟ್ಟು, ಮತ್ತೆ ಸ್ವಲ್ಪ ಕಾಯುತ್ತಾಳೆ. ಆ ಕಾಯುವುದಿದೆಯಲ್ಲ, ಅದೇ ಮುಖ್ಯ. ಮಗುವಿನ ಸರದಿಯನ್ನು ಮಗುವಿಗೇ ಬಿಡುತ್ತಾಳೆ. ಮಾತು, ಸರದಿ, ಎದುರಿನವರ ಮುಖ ಓದುವುದು, ಎಲ್ಲದರ ಮೊದಲ ಪಾಠ ಅಲ್ಲೇ, ಹರಳೆಣ್ಣೆ ವಾಸನೆಯ ನಡುವೆ ಆಗುತ್ತದೆ.

ಆ ಮುಖ ಸುಮ್ಮನಾಗಿಬಿಟ್ಟರೆ ಏನಾಗುತ್ತದೆ ಅಂತ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ತೋರಿಸಿದರು. ತಾಯಿ ಮಗುವಿನ ಜೊತೆ ನಗುತ್ತಾ ಆಡುತ್ತಿರುತ್ತಾಳೆ. ಆಮೇಲೆ ಒಂದೆರಡು ನಿಮಿಷ ಅಲ್ಲೇ ಕೂತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುತ್ತಾಳೆ, ಅಷ್ಟೇ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ತನಗೆ ಗೊತ್ತಿರುವ ಎಲ್ಲ ಕಸರತ್ತು ಮಾಡುತ್ತದೆ. ಏನೂ ಆಗದಿದ್ದಾಗ ಮುಖ ತಿರುಗಿಸಿ, ಕುಗ್ಗಿ, ಅಳುತ್ತದೆ.

ಇದನ್ನು ಓದಿದ ದಿನ ನನಗೆ ನೆನಪಾದದ್ದು ನನ್ನ ಫೋನು. ಹಾಲು ಕುಡಿಸುವಾಗ, ಆಟ ಆಡಿಸುವಾಗ ಸ್ಕ್ರೀನ್ ನೋಡುತ್ತಾ ಕೂತ ನನ್ನ ಮುಖ ಹೇಗಿರುತ್ತದೆ? ಹೆಚ್ಚುಕಡಿಮೆ ಆ ತಾಯಿಯ ಮುಖದ ಹಾಗೇ. ಫೋನ್ ಬಿಸಾಡಿ ಅನ್ನುವುದಿಲ್ಲ, ನಾನೇ ಬಿಸಾಡಿಲ್ಲ. ದಿನಕ್ಕೆ ಮೂರು ಹೊತ್ತು ಮಾತ್ರ ಅದು ಬೇರೆ ಕೋಣೆಯಲ್ಲಿರಲಿ: ಸ್ನಾನ, ಒಂದು ಊಟ, ಮಲಗಿಸುವಾಗ. ಕೆಲಸದ ಕರೆ ಬಂದರೆ "ಅಮ್ಮ ಈಗ ಫೋನಲ್ಲಿ ಮಾತಾಡ್ತಾಳೆ" ಅಂತ ಬಾಯಿಬಿಟ್ಟು ಹೇಳಿ ಎದ್ದುಹೋಗಿ. ಮಗುವಿನ ಕೈಗೆ ಸ್ಕ್ರೀನ್ ಕೊಡುವ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷದವರೆಗೆ ಬೇಡ, ಅಲ್ಲಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು.

ಗಾಬರಿಯಾಗುವ ಮೊದಲು ಇನ್ನೊಂದು ಮಾತು. ಚೆನ್ನಾಗಿ ಹೊಂದಿಕೊಂಡಿರುವ ತಾಯಿ-ಮಗುವನ್ನೂ ಟ್ರಾನಿಕ್ ನೋಡಿದರು. ಅವರಿಬ್ಬರ ತಾಳ ಸೇರುತ್ತಿದ್ದದ್ದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ! ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಹೊಂದಿಸಿಕೊಳ್ಳುವುದು.

ಮೂರನೆಯದು: ಕಣ್ಣು ತಪ್ಪಿಸಿ ಹೋಗಬೇಡಿ

ಈಗ ನನ್ನ ಕಾಗೆ ಕಥೆಗೆ ಬರೋಣ. ಎಂಟೊಂಬತ್ತು ತಿಂಗಳಿಗೆ ಮಗುವಿಗೆ ಒಂದು ಹೊಸ ಬುದ್ಧಿ ಬಂದಿರುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಅನ್ನುವುದು ಗೊತ್ತಾಗಿರುತ್ತದೆ. ಅಮ್ಮ ಎಲ್ಲೋ ಇದ್ದಾಳೆ, ಆದರೆ ಇಲ್ಲಿಲ್ಲ, ಯಾವಾಗ ಬರುತ್ತಾಳೆ ಗೊತ್ತಿಲ್ಲ. ಅಲ್ಲಿಂದ ಒಂದೂವರೆ ವರ್ಷದವರೆಗೆ ಬಿಟ್ಟುಹೋಗುವಾಗಿನ ಅಳು ಜೋರಾಗಿಯೇ ಇರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ನಂಟು ಬೆಳೆದಿದೆ ಅನ್ನುವುದಕ್ಕೆ ಅದೂ ಒಂದು ಗುರುತು.

ಕದ್ದು ಹೋದರೆ ಆ ಹೊತ್ತಿನ ಅಳು ತಪ್ಪುತ್ತದೆ, ನಿಜ. ಆದರೆ ಮಗು ಕಲಿಯುವುದು ಒಂದೇ: ಒಂದು ಗಳಿಗೆ ಆಚೆ ನೋಡಿದರೂ ಅಮ್ಮ ಮಾಯ. ಇನ್ನು ಅದು ಯಾವ ಧೈರ್ಯದ ಮೇಲೆ ಆಚೆ ನೋಡುತ್ತದೆ ಹೇಳಿ.

ನಾವು ಕನ್ನಡದವರು ಮನೆಯಿಂದ ಹೊರಡುವಾಗ "ಹೋಗ್ತೀನಿ" ಅನ್ನುವುದಿಲ್ಲ. ಅಂದರೆ ಹಿರಿಯರು ತಕ್ಷಣ ತಿದ್ದುತ್ತಾರೆ, "ಹೋಗಿ ಬರ್ತೀನಿ ಅನ್ನು." ದೊಡ್ಡವರಿಗೆಲ್ಲ ಇಷ್ಟು ಜೋಪಾನವಾಗಿ ಹೇಳುವವರು, ಆ ಮಾತು ನಿಜಕ್ಕೂ ಬೇಕಾದ ಮಗುವಿಗೆ ಮಾತ್ರ ಹೇಳದೆ ಹಿಂಬಾಗಿಲಿಂದ ಹೋಗುತ್ತೇವೆ.

ನಾನು ಬದಲಾಯಿಸಿದ್ದು ಹೀಗೆ. ಹೊರಡುವ ಹತ್ತು ನಿಮಿಷ ಮೊದಲೇ ಅತ್ತೆಯ ತೊಡೆಯ ಮೇಲೆ ಅವಳನ್ನು ಕೂರಿಸುತ್ತಿದ್ದೆ. ಹೊರಡುವ ಗಳಿಗೆಯಲ್ಲಿ ನನ್ನ ಕೈಯಿಂದ ಕಿತ್ತು ಇನ್ನೊಬ್ಬರ ಕೈಗೆ ಕೊಡಬಾರದು, ಅದು ಕಸಿದುಕೊಂಡ ಹಾಗಾಗುತ್ತದೆ. ಚಪ್ಪಲಿ ಅವಳ ಎದುರಿಗೇ ಹಾಕಿಕೊಳ್ಳುತ್ತಿದ್ದೆ. ಬಗ್ಗಿ, ಕಣ್ಣಿಗೆ ಕಣ್ಣು ಕೊಟ್ಟು, ದಿನಾ ಅದೇ ಮಾತು: "ಅಮ್ಮ ಆಫೀಸಿಗೆ ಹೋಗಿ ಬರ್ತೀನಿ. ನೀನು ಮಮ್ಮು ತಿಂದು, ತಾಚಿ ಮಾಡಿ, ಎದ್ದು ಬಾಳೆಹಣ್ಣು ತಿಂದ ಮೇಲೆ ಬರ್ತೀನಿ." ಐದು ಗಂಟೆ ಅಂದರೆ ಅವಳಿಗೆ ಏನು ಗೊತ್ತು? ಬಾಳೆಹಣ್ಣು ಗೊತ್ತು. ಒಂದು ಮುತ್ತು, ಕೈ ಬೀಸುವುದು, ಹೊರಡುವುದು. ಗೇಟಿನ ತನಕ ಹೋಗಿ ಅಳು ಕೇಳಿ ವಾಪಸ್ ಬಂದು ಮತ್ತೆ ಎತ್ತಿಕೊಂಡು ಮತ್ತೆ ಹೋಗುವುದನ್ನು ಮಾತ್ರ ಮಾಡಬೇಡಿ, ನಾನು ಎರಡು ಸಲ ಮಾಡಿ ಎಲ್ಲರ ಬೆಳಿಗ್ಗೆಯನ್ನೂ ಹಾಳು ಮಾಡಿದ್ದೇನೆ.

ಮೊದಲ ಐದಾರು ದಿನ ಅವಳು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಅತ್ತೆ ನನ್ನ ಮೇಲೆ ಮುನಿಸಿಕೊಂಡರು, "ಮೊದಲೇ ಚೆನ್ನಾಗಿತ್ತಲ್ಲ" ಅಂತ. ಅವರಿಗೆ ನಾನು ಕೇಳಿಕೊಂಡದ್ದು ಒಂದೇ, "ಅಳಬೇಡ ಅನ್ನಬೇಡಿ, ಅಮ್ಮ ಬೇಕು ಅನ್ನಿಸ್ತಾ, ಬಾಳೆಹಣ್ಣು ತಿಂದ ಮೇಲೆ ಬರ್ತಾಳೆ ಅನ್ನಿ." ಎರಡನೇ ವಾರ ಅಳು ಮೂರು ನಿಮಿಷಕ್ಕೆ ಇಳಿಯಿತು. ಸಂಜೆ ಹೇಳಿದ ಹೊತ್ತಿಗೆ ಬರುವುದು ನನ್ನ ಪಾಲಿನ ಕೆಲಸ. ತಡವಾಗುವ ದಿನ ಅತ್ತೆ ಬಾಳೆಹಣ್ಣನ್ನೂ ತಡ ಮಾಡುತ್ತಿದ್ದರು, ಆ ಜಾಣತನ ಅವರದೇ. ಬಂದ ಮೇಲೆ ಬ್ಯಾಗ್ ಇಟ್ಟು, ಕೈಕಾಲು ತೊಳೆದು, ಮೊದಲ ಹದಿನೈದು ನಿಮಿಷ ನೆಲದ ಮೇಲೆ ಅವಳ ಜೊತೆ. ಕಾಫಿ ಆಮೇಲೆ.

ಎರಡು ವರ್ಷ ತುಂಬುವ ಹೊತ್ತಿಗೆ ಅವಳು ನನ್ನ ಹಳೇ ವ್ಯಾನಿಟಿ ಬ್ಯಾಗ್ ತಗಲಿಸಿಕೊಂಡು, ಬಾಗಿಲ ಹತ್ತಿರ ನಿಂತು, ಸೌಟಿಗೆ ದುಪಟ್ಟಾ ಸುತ್ತಿ ಮಾಡಿದ ಪಾಪುವಿಗೆ "ಆಪೀಸ್ ಓಗಿ ಬತೀನಿ, ಬಾಯೆ ಅಣ್ಣು" ಅನ್ನುತ್ತಿದ್ದಳು.

ಡೇ ಕೇರ್, ಅಂಗನವಾಡಿ ಅಥವಾ ಪಂಚಾಯಿತಿಯ ಕೂಸಿನ ಮನೆಗೆ ಬಿಡುವವರಿಗೂ ಇದೇ ದಾರಿ. ಮೊದಲ ದಿನವೇ ಪೂರ್ತಿ ಹೊತ್ತು ಬಿಡಬೇಡಿ. ಎರಡು ದಿನ ನೀವೂ ಜೊತೆಗೆ ಕೂತುಕೊಳ್ಳಿ, ಮೂರನೇ ದಿನ ಹೇಳಿ ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ, ಆಮೇಲೆ ಹೆಚ್ಚಿಸುತ್ತಾ ಹೋಗಿ. ಮನೆ ವಾಸನೆಯ ಒಂದು ಬಟ್ಟೆ, ನಿಮ್ಮ ಹಳೇ ಸೀರೆ ತುಂಡಾದರೂ ಸರಿ, ಚೀಲದಲ್ಲಿರಲಿ. ಸೇರಿಸುವ ಮೊದಲು ಗೋಡೆ ಬಣ್ಣ, ಇಂಗ್ಲಿಷ್ ಪದ್ಯ ನೋಡಬೇಡಿ. ದಿನಾ ಅದೇ ಆಯಾ ಇರುತ್ತಾರಾ, ಒಬ್ಬರಿಗೆ ಎಷ್ಟು ಮಕ್ಕಳು, ಪೋಷಕರನ್ನು ಒಳಗೆ ಬಿಡುತ್ತಾರಾ, ಇಷ್ಟು ಕೇಳಿ. ನಾವು ಮೊದಲು ಸೇರಿಸಿದ್ದ ಕಡೆ ಪೋಷಕರು ಗೇಟು ದಾಟುವ ಹಾಗಿರಲಿಲ್ಲ, ಆಯಾ ತಿಂಗಳಿಗೊಬ್ಬರು ಬದಲಾಗುತ್ತಿದ್ದರು. ಎರಡು ತಿಂಗಳಿಗೆ ಬಿಡಿಸಿದೆವು, ಕಟ್ಟಿದ ದುಡ್ಡು ಹೋಯಿತು. ಅಂದ ಹಾಗೆ, 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ ಇದೆ, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳ ಪಾಲನೆಗೆ ವ್ಯವಸ್ಥೆಯೂ ಇರಬೇಕು. ಕೇಳಿ ಪಡೆಯಿರಿ, ನಾಚಿಕೆ ಬೇಡ.

ನಾಲ್ಕನೆಯದು: ಮಗು ನಿಮ್ಮ ಮುಖ ನೋಡುತ್ತಿರುತ್ತದೆ

1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಮೇಜಿನ ಅರ್ಧ ಭಾಗ ಗಾಜು. ಅದರ ಕೆಳಗೆ ಸಣ್ಣ ಹಳ್ಳ ಇರುವ ಹಾಗೆ ಕಾಣುತ್ತದೆ. ಆಚೆ ತುದಿಯಲ್ಲಿ ತಾಯಿ. ಒಂದು ವರ್ಷದ ಮಕ್ಕಳು ಅಂಚಿಗೆ ಬಂದು ಅನುಮಾನದಿಂದ ತಾಯಿಯ ಮುಖ ನೋಡಿದವು. ನಗುವ ಮುಖ ಕಂಡ ಮಕ್ಕಳಲ್ಲಿ ಹೆಚ್ಚಿನವು ಗಾಜಿನ ಮೇಲೆ ತೆವಳಿ ದಾಟಿದವು. ಹೆದರಿದ ಮುಖ ಕಂಡದ್ದು ಒಂದೂ ದಾಟಲಿಲ್ಲ.

ಪಾರ್ಕಿನ ಜಾರುಬಂಡಿ, ಮೊದಲ ಸಲ ನೋಡಿದ ನಾಯಿಮರಿ, ಮನೆಗೆ ಬಂದ ಗಡ್ಡದ ಮಾವ, ಎಲ್ಲದರ ಎದುರೂ ಮಗು ಮೊದಲು ನಿಮ್ಮ ಕಡೆ ತಿರುಗುತ್ತದೆ. ಆಗ ನಿಮ್ಮ ಮುಖ ಏನು ಹೇಳುತ್ತಿದೆ ಅಂತ ಸ್ವಲ್ಪ ನೋಡಿಕೊಳ್ಳಿ. ಹೊಸಬರ ಹತ್ತಿರ ಹೋಗಲು ಮಗು ಒಲ್ಲೆ ಅಂದರೆ "ಮಾಮಂಗೆ ಮುತ್ತು ಕೊಡು" ಅಂತ ದೂಡಬೇಡಿ. ನೀವು ಮಾವನ ಜೊತೆ ನಗುನಗುತ್ತಾ ಮಾತಾಡಿ, ಮಗು ಸೆರಗಿನ ಹಿಂದಿನಿಂದ ನೋಡುತ್ತಿರಲಿ, ಹತ್ತು ನಿಮಿಷಕ್ಕೆ ತಾನೇ ಬರುತ್ತದೆ. ಬರದಿದ್ದರೂ ಏನೂ ಆಗುವುದಿಲ್ಲ.

ಬಿದ್ದಾಗಲೂ ಅಷ್ಟೇ. ನಮ್ಮಲ್ಲಿ ಮಗು ಬಿದ್ದರೆ ನೆಲಕ್ಕೆ ಎರಡು ಏಟು ಕೊಟ್ಟು "ನೆಲ ಹೊಡೀತಾ? ಹೊಡೆದೆ ನೋಡು ಅದಕ್ಕೆ" ಅನ್ನುತ್ತೇವೆ. ನಮ್ಮ ಅತ್ತೆ ಬಾಗಿಲು, ಕುರ್ಚಿ, ಒಂದು ಸಲ ಪಾಪ ಬೆಕ್ಕಿಗೂ ಹೊಡೆದಿದ್ದಾರೆ. ಮಗು ನಗುತ್ತದೆ, ಮನಸ್ಸು ಒಳ್ಳೆಯದೇ. ಆದರೆ ನೋವಾಗಿದ್ದು ಎಲ್ಲಿ, ಎಷ್ಟು, ಅದನ್ನು ತಡೆದುಕೊಳ್ಳುವುದು ಹೇಗೆ ಅನ್ನುವ ಮಾತೇ ಬರುವುದಿಲ್ಲ, ತಪ್ಪು ಯಾರದು ಅನ್ನುವುದರಲ್ಲೇ ಮುಗಿಯುತ್ತದೆ. "ದಡ್ ಅಂತ ಬಿದ್ಯಾ? ಮೊಣಕಾಲು ನೋವಾ? ಬಾ, ಊದ್ತೀನಿ." ಇಷ್ಟು ಸಾಕು.

ಐದನೆಯದು: ಹಠ

ಒಂದೂವರೆ ವರ್ಷದಿಂದ ಮೂರರವರೆಗೆ ಹಠ ಇದ್ದೇ ಇರುತ್ತದೆ. ಬೇಕು ಅನ್ನುವುದು ಬಂದಿದೆ, ಹೇಳಲು ಮಾತು ಸಾಲದು, ತಡೆದುಕೊಳ್ಳುವ ಶಕ್ತಿ ಇನ್ನೂ ಇಲ್ಲ. ಆ ಶಕ್ತಿಯನ್ನು ಮಗು ಮೊದಲು ನಿಮ್ಮಿಂದ ಸಾಲ ತೆಗೆದುಕೊಳ್ಳುತ್ತದೆ, ಅದಕ್ಕೇ ಆ ಹೊತ್ತಿಗೆ ನೀವೂ ಕೂಗಿದರೆ ಸಾಲ ಕೊಡುವವರೇ ದಿವಾಳಿ.

ಜಾತ್ರೆಯಲ್ಲಿ ಎರಡನೇ ಪೀಪಿ ಬೇಕು ಅಂತ ಮಗು ಮಣ್ಣಿನಲ್ಲಿ ಹೊರಳುತ್ತಿದೆ ಅಂದುಕೊಳ್ಳಿ. ಜನ ನೋಡುತ್ತಿದ್ದಾರೆ, ಅದನ್ನು ಮರೆಯಿರಿ, ಇದೇ ಕಷ್ಟದ ಭಾಗ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿ. "ಪೀಪಿ ಬೇಕಿತ್ತು. ಅಮ್ಮ ಕೊಡಿಸಲಿಲ್ಲ. ಸಿಟ್ಟು ಬಂತು." ಇಷ್ಟೇ ಹೇಳಿ, ಸುಮ್ನೆ ಇರಿ. ಒದೆಯಲು ಬಂದರೆ ಕೈ ಅಡ್ಡ ಹಿಡಿದು "ಒದೆಯೋಕೆ ಬಿಡಲ್ಲ" ಅನ್ನಿ. ಉಪದೇಶ ಬೇಡ, ಆ ಹೊತ್ತಿಗೆ ಕಿವಿ ಕೇಳುವುದಿಲ್ಲ. ಪೀಪಿಯನ್ನೂ ಕೊಡಿಸಬೇಡಿ! ಸಿಟ್ಟು ಬರುವುದು ತಪ್ಪಲ್ಲ, ಹಾಗಂತ ಪೀಪಿ ಸಿಗುವುದಿಲ್ಲ. ಬಿಕ್ಕು ಇಳಿದ ಮೇಲೆ ಎತ್ತಿಕೊಂಡು ನೀರು ಕುಡಿಸಿ. ಗಂಡುಮಗುವಾದರೆ "ಹುಡುಗಿ ಥರ ಅಳ್ತೀಯಾ" ಅನ್ನುವವರು ಅಲ್ಲೇ ಯಾರಾದರೂ ಇರುತ್ತಾರೆ. ಅವರ ಕಡೆ ನೋಡದೆ ಮಗುವಿನ ಬೆನ್ನು ಸವರಿ.

ಮನೆಯಲ್ಲಿ ಇಬ್ಬರು ಮಕ್ಕಳು ಒಂದು ಆಟಿಕೆಗೆ ಜಗಳವಾಡಿದರೆ ಎರಡು ವರ್ಷದ ಮಗುವಿನಿಂದ ತಾನಾಗಿ ಹಂಚಿಕೊಳ್ಳುವುದನ್ನು ನಿರೀಕ್ಷಿಸಬೇಡಿ. ಆ ವಯಸ್ಸಿನವು ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುವುದೇ ಹೆಚ್ಚು. "ಅವನದಾದ ಮೇಲೆ ನಿಂದು" ಅಂತ ಸರದಿ ಹೇಳಿಕೊಟ್ಟು, ಕಾಯುವಾಗ ಜೊತೆಗಿರಿ.

ಆರನೆಯದು: ಕೂಗಾಡಿದ ಮೇಲೆ

ಇದನ್ನು ಬರೆಯಲು ನನಗೆ ಸ್ವಲ್ಪ ಮುಜುಗರ. ಅವಳಿಗೆ ಎರಡೂವರೆ ವರ್ಷ. ಬೆಳಿಗ್ಗೆ ಏಳೂವರೆ. ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ, ಅವಳೂ ತಟ್ಟಬೇಕು ಅಂತ ಸ್ಟೂಲ್ ಹತ್ತಿ ಹಿಟ್ಟಿನ ಡಬ್ಬಿ ಎಳೆದಳು. ಡಬ್ಬಿ ಪೂರ್ತಿ ನೆಲಕ್ಕೆ. ನಾನು ಎಷ್ಟು ಜೋರಾಗಿ ಕಿರುಚಿದೆ ಅಂದರೆ ಪಕ್ಕದ ಮನೆಯವರು ಕಿಟಕಿ ತೆಗೆದರು. ಅವಳು ಅಳಲಿಲ್ಲ. ಊಟದ ಮೇಜಿನ ಕೆಳಗೆ ಹೋಗಿ, ಬಿಳಿ ಬಿಳಿ ಕೈಗಳಿಂದ ಕಿವಿ ಮುಚ್ಚಿಕೊಂಡು ಕೂತಳು.

ಒಲೆ ಆರಿಸಿದೆ. ಎರಡು ನಿಮಿಷ ಸಿಂಕಿನ ಹತ್ತಿರ ನಿಂತೆ, ಸಿಟ್ಟಿನಲ್ಲೇ ಹೋದರೆ ಕೆಡುತ್ತದೆ ಅಂತ. ಆಮೇಲೆ ಮೇಜಿನ ಕೆಳಗೆ ತೆವಳಿ ಹೋದೆ. "ಅಮ್ಮ ಜೋರಾಗಿ ಕೂಗಿದೆ. ನಿಂಗೆ ಭಯ ಆಯ್ತು. ಹಾಗೆ ಕೂಗಬಾರದಿತ್ತು, ತಪ್ಪಾಯ್ತು." ಅವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಲು ಚಾಚಿ ನನ್ನ ಮೊಣಕಾಲಿಗೆ ತಾಗಿಸಿದಳು. ಆಮೇಲೆ ಇಬ್ಬರೂ ಸೇರಿ ಹಿಟ್ಟು ಗುಡಿಸಿದೆವು, ಅವಳು ಗುಡಿಸಿದ್ದಕ್ಕಿಂತ ಹರಡಿದ್ದೇ ಜಾಸ್ತಿ. ಮಾವ ನೋಡಿ "ಮಕ್ಕಳ ಹತ್ರ ತಪ್ಪಾಯ್ತು ಅಂತಾರಾ, ತಲೆ ಮೇಲೆ ಕೂರುತ್ತೆ" ಅಂದರು. ಇವತ್ತಿಗೂ ಕೂತಿಲ್ಲ.

ಇದಕ್ಕೆ ಒಂದು ಕ್ರಮ ಇದೆ. ಮೊದಲು ನೀವು ತಣ್ಣಗಾಗಿ. ನಡೆದದ್ದನ್ನು ಮಗುವಿನ ಮಾತಿನಲ್ಲಿ ಹೇಳಿ. ನಿಮ್ಮ ಪಾಲನ್ನು ಮಾತ್ರ ಒಪ್ಪಿಕೊಳ್ಳಿ. "ತಪ್ಪಾಯ್ತು, ಆದ್ರೆ ನೀನೂ ಡಬ್ಬಿ ಎಳೀಬಾರದಿತ್ತು" ಅಂದರೆ ಆ "ಆದ್ರೆ" ಮುಂಚಿನದನ್ನೆಲ್ಲ ಅಳಿಸಿಹಾಕುತ್ತದೆ. ಡಬ್ಬಿಯ ವಿಷಯ ಮಧ್ಯಾಹ್ನ ಮಾತಾಡಿದರಾಯಿತು. ಮಗು ತಕ್ಷಣ ಬಂದು ಅಪ್ಪಿಕೊಳ್ಳಬೇಕು ಅಂತ ಕಾಯಬೇಡಿ, ಅಪ್ಪಿಕೋ ಅನ್ನಲೂಬೇಡಿ. "ನಾನು ಕೆಟ್ಟ ಅಮ್ಮ" ಅಂತ ಎದುರಿಗೆ ಅಳುವುದು ಬೇಡವೇ ಬೇಡ, ಆಗ ಮಗುವೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕೊನೆಗೆ ಇಬ್ಬರೂ ಸೇರಿ ಏನಾದರೂ ಸಣ್ಣ ಕೆಲಸ ಮಾಡಿ.

ಒಂದು ವೇಳೆ ಕೂಗಾಟ, ಏಟು ದಿನಾ ಆಗುತ್ತಿದ್ದರೆ ತಪ್ಪಾಯ್ತು ಅನ್ನುವುದರಿಂದ ಸರಿಹೋಗುವುದಿಲ್ಲ. ಆಗ ನಿಮಗೇ ಸಹಾಯ ಬೇಕು, ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ಬಿಡಬೇಕಾದ ಕೆಲವು ಮಾತು

"ಊಟ ಮಾಡದಿದ್ರೆ ಗುಮ್ಮ ಬರುತ್ತೆ", "ಪೊಲೀಸ್‌ಗೆ ಹಿಡಿದುಕೊಡ್ತೀನಿ", "ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ". ಗುಮ್ಮನನ್ನು ನಾವೆಲ್ಲ ದಾಟಿಯೇ ಬಂದಿದ್ದೇವೆ. ನನಗೆ ಅದಕ್ಕಿಂತ ಕೆಟ್ಟದ್ದು ಅನ್ನಿಸುವುದು ಬೇರೆ ಎರಡು: "ಹಿಂಗೆ ಮಾಡಿದ್ರೆ ಅಮ್ಮ ನಿನ್ನ ಬಿಟ್ಟು ಹೋಗ್ತೀನಿ", ಮತ್ತೆ "ಹೊಸ ಪಾಪು ಬಂದ್ರೆ ನಿನ್ನ ಯಾರೂ ಎತ್ಕೊಳ್ಳಲ್ಲ". ಎರಡನೆಯದನ್ನು ತಮಾಷೆಗೆ ಹೇಳುವವರು ನೆಂಟರು, ಅನುಭವಿಸುವವರು ನೀವು, ಬಾಣಂತನದ ನಡುವೆ. ಅಂಥವರೆದುರಿಗೇ ಮಗುವಿಗೆ ಹೇಳಿಬಿಡಿ, "ಚಿಕ್ಕಪ್ಪ ಸುಮ್ನೆ ಅಂತಾರೆ, ನಿನ್ನನ್ನೂ ಎತ್ಕೋತೀನಿ."

ಅಮ್ಮ ಒಬ್ಬಳದೇ ಕೆಲಸ ಅಲ್ಲ

ಇಷ್ಟೆಲ್ಲ ಓದಿ ತಾಯಂದಿರಿಗೆ ಎದೆ ಭಾರವಾಗಿದ್ದರೆ ಇದನ್ನೂ ಕೇಳಿ. 1964ರಲ್ಲಿ ಪ್ರಕಟವಾದ ಗ್ಲಾಸ್ಗೋ ಅಧ್ಯಯನದಲ್ಲಿ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ 60 ಮಕ್ಕಳನ್ನು ನೋಡಿದರು. ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಗಟ್ಟಿ ನಂಟು ಬೆಳೆದಿತ್ತು, ಅಪ್ಪ, ಅಜ್ಜಿ, ಅಣ್ಣ ಹೀಗೆ. ಜಾಸ್ತಿ ಹೊತ್ತು ಜೊತೆಗಿದ್ದವರಿಗಿಂತ ಚೆನ್ನಾಗಿ ಸ್ಪಂದಿಸಿದವರ ಕಡೆ ಮಕ್ಕಳು ವಾಲಿದ್ದವು. ಅಪ್ಪಂದಿರೇ, ರಾತ್ರಿ ಒಂಬತ್ತಕ್ಕೆ ಬಂದು ಮಗುವನ್ನು ಗಾಳಿಗೆ ಎಸೆದು ಹಿಡಿದರೆ ಆಗಲಿಲ್ಲ. ದಿನಕ್ಕೆ ಒಂದು ಕೆಲಸ ಪೂರ್ತಿ ನಿಮ್ಮದಾಗಲಿ, ಸ್ನಾನವೋ ಮಲಗಿಸುವುದೋ. ಮೊದಲ ವಾರ ಮಗು "ಅಮ್ಮನೇ ಬೇಕು" ಅನ್ನುತ್ತದೆ, ಬಿಟ್ಟುಕೊಡಬೇಡಿ.

ಹೆರಿಗೆಯಾದ ಮೇಲೆ ತಾಯಿಗೆ ಎರಡು ವಾರ ದಾಟಿದರೂ ಮಂಕು, ಕಾರಣವಿಲ್ಲದ ಅಳು, ಮಗುವಿನ ಮೇಲೆ ಮನಸ್ಸೇ ಇಲ್ಲ ಅನ್ನಿಸುವುದು, ನಿದ್ದೆ ಮಾಡಲು ಹೊತ್ತಿದ್ದರೂ ನಿದ್ದೆ ಬಾರದಿರುವುದು ಇದ್ದರೆ ಅದು ಸೋಮಾರಿತನ ಅಲ್ಲ, ದೃಷ್ಟಿಯೂ ಅಲ್ಲ, ಕಾಯಿಲೆ. ವಾಸಿಯಾಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆಯೋ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಭಯವೋ ಬಂದರೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಮನೆಯವರು ಅವಳನ್ನು ಒಬ್ಬಳೇ ಬಿಡಬೇಡಿ.

ಮಗು ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ, ಕಲಿತ ಮಾತು ಬಿಟ್ಟುಹೋದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆಟಿಸಂಗೆ ತಾಯಿಯ ಪ್ರೀತಿ ಸಾಲದ್ದೇ ಕಾರಣ ಅಂತ ಒಂದು ಕಾಲದಲ್ಲಿ ಡಾಕ್ಟರುಗಳೂ ಹೇಳುತ್ತಿದ್ದರು, ಅದು ತಪ್ಪು ಅಂತ ತೀರ್ಮಾನವಾಗಿ ದಶಕಗಳಾಗಿವೆ.

ಮಗು ದೊಡ್ಡದಾಗಿಬಿಟ್ಟಿದ್ದರೆ?

ರೊಮೇನಿಯಾದ ಅನಾಥಾಲಯದ ಮಕ್ಕಳ ಮೇಲೆ 2000ದಲ್ಲಿ ಶುರುವಾದ ಅಧ್ಯಯನದಲ್ಲಿ 136 ಮಕ್ಕಳಿದ್ದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲು ಹೋದವರು ಹೆಚ್ಚು ಚೇತರಿಸಿಕೊಂಡರು. ಇದನ್ನು ಓದಿ ಡೇ ಕೇರಿಗೆ ಬಿಟ್ಟದ್ದಕ್ಕೆ ಅಳಬೇಡಿ, ಅಲ್ಲಿನ ಕಥೆಯೇ ಬೇರೆ, ಎತ್ತಿಕೊಳ್ಳಲು ಒಬ್ಬರೂ ಇಲ್ಲದ ಮಕ್ಕಳು ಅವು. ನಿಮ್ಮ ಮಗುವಿಗೆ ಐದೋ ಆರೋ ಆಗಿದ್ದರೆ ರಾತ್ರಿ ಮಲಗುವ ಮುಂಚಿನ ಹತ್ತು ನಿಮಿಷದಿಂದ ಶುರು ಮಾಡಿ. ಯಾವ ಆಟ ಅಂತ ಮಗು ಹೇಳಲಿ. ಪಾಠ ಬೇಡ, ಪ್ರಶ್ನೆ ಬೇಡ, ಫೋನ್ ಬೇಡ. ಮೊದಲ ಕೆಲವು ದಿನ ಮಗು ನಂಬುವುದಿಲ್ಲ, ಯಾವಾಗ ಎದ್ದುಹೋಗುತ್ತೀರಿ ಅಂತ ಕಾಯುತ್ತಿರುತ್ತದೆ. ನನ್ನ ತಂಗಿಯ ಮಗ ನಾಲ್ಕನೇ ರಾತ್ರಿ ಅವಳ ಫೋನನ್ನು ತಾನೇ ತೆಗೆದುಕೊಂಡು ಹೋಗಿ ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲಿಟ್ಟು ಬಂದು, ಹಾಸಿಗೆಯಲ್ಲಿ ಅವಳಿಗೂ ಸ್ವಲ್ಪ ಜಾಗ ಮಾಡಿಕೊಟ್ಟನಂತೆ.